ಔಷಧದ ಅಡ್ಡ ಪರಿಣಾಮ ಮತ್ತು ಹಲ್ಲಿನ ರೋಗ: ಪೋಷಕರೊಡನೆ ಕೆಲವು ಮಾತು

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ಪೋಷಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



ನಮ್ಮ ಈ ಶಾಲೆ ಮದ್ರಾಸ್ ಪ್ರಾಂತ್ಯದಲ್ಲಿ ಹುಟ್ಟಿತು. 1953ರಲ್ಲಿ ಆಂಧ್ರ ರಾಜ್ಯದ ಶಾಲೆಯಾಯಿತು, 1956ರಲ್ಲಿ ಆಂಧ್ರಪ್ರದೇಶದ ಶಾಲೆಯಾಯಿತು. 2022ರಲ್ಲಿ ಮಡಕಶಿರಾ ಸೀಮೆ ಅನಂತಪುರ ಜಿಲ್ಲೆಯಿಂದ ಬೇರೆಯಾಗಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ನಾಮಫಲಕದ ಮೇಲಿನ ರಾಜ್ಯ, ಜಿಲ್ಲೆಗಳ ಹೆಸರು ಬದಲಾದರೂ ಒಳಗೆ ಕೇಳಿಬರುವ ಕನ್ನಡದ ಓದು ಬದಲಾಗಲಿಲ್ಲ. ಆ ಓದನ್ನು ಉಳಿಸಿದವರ ಗುಣಗಾನವನ್ನು ಇಂದು ಬೆಳಗ್ಗೆಯಿಂದ ಅನೇಕರು ಮಾಡಿದ್ದಾರೆ. ಅದಕ್ಕಿಂತ ಹೆಚ್ಚಿನದನ್ನು ಹೇಳುವ ಶಕ್ತಿ ನಮಗಿಲ್ಲ. ಆದುದರಿಂದ ನಮಗೆ ದೊರೆತಿರುವ ಈ ಅರ್ಧ ಗಂಟೆಯನ್ನು ಮನೆಮನೆಗೆ ಬೇಕಾದ ಒಂದು ಸಂಗತಿಗೆ ಮೀಸಲಿಡುತ್ತೇವೆ.

ಬಾಯಿಯಲ್ಲಿ ತೊಂದರೆ ಕಾಣಿಸಿಕೊಂಡಾಗ ಅದು ನುಂಗುತ್ತಿರುವ ಔಷಧದಿಂದ ಬಂದುದೋ, ಔಷಧಕ್ಕೆ ಸಂಬಂಧವೇ ಇಲ್ಲದ ಹಲ್ಲಿನ ರೋಗವೋ ಎಂದು ವಿಂಗಡಿಸಿಕೊಳ್ಳುವುದು ಹೇಗೆ ಎಂಬುದೇ ಆ ಸಂಗತಿ. ಶತಮಾನೋತ್ಸವದ ವೇದಿಕೆಯಲ್ಲಿ ಹಲ್ಲಿನ ಮಾತೇಕೆ ಎಂದು ಕೆಲವರು ಮುಗುಳ್ನಗಬಹುದು. ನಾವು ವೈದ್ಯರಲ್ಲ, ಮಕ್ಕಳಿಗೆ ಪಾಠ ಹೇಳುವವರು. ಆದರೆ ಈ ವಿಷಯದಲ್ಲಿ ನಾವೇ ಒಮ್ಮೆ ತಪ್ಪಿದ್ದೇವೆ. ಆ ತಪ್ಪಿಗೆ ಒಂದು ಮಗು ತನ್ನ ಪ್ರಾಣವನ್ನೇ ಬೆಲೆಯಾಗಿ ತೆರಬೇಕಾಗುತ್ತಿತ್ತು. ಅದನ್ನು ಮೊದಲು ಹೇಳಿ ಮುಂದೆ ಹೋಗುವುದು ಧರ್ಮ.

ಕೆಲವು ವರ್ಷಗಳ ಹಿಂದಿನ ಮಾತು. ಎಂಟನೆಯ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿಯಿದ್ದಳು. ಆಕೆಯ ಮತ್ತು ಆಕೆಯ ತಾಯಿಯ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇವೆ, ಹೆಸರು ಬೇಡ. ಒಳ್ಳೆಯ ಕಂಠದ ಹುಡುಗಿ. ಬೆಳಗಿನ ಪ್ರಾರ್ಥನೆಯಲ್ಲಿ ಮುಂದೆ ನಿಂತು ಹೇಳಿಕೊಡುತ್ತಿದ್ದವಳು ಅವಳೇ. ಮೂರ್ಛೆ ರೋಗವಿದ್ದುದರಿಂದ ಎರಡು ವರ್ಷಗಳಿಂದ ಫೆನಿಟಾಯಿನ್ ಎಂಬ ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದಳು. ಆ ಎರಡು ವರ್ಷಗಳಲ್ಲಿ ಒಮ್ಮೆಯೂ ಮೂರ್ಛೆ ಬಂದಿರಲಿಲ್ಲ. ಆದರೆ ಕ್ರಮೇಣ ಅವಳ ಮುಂಭಾಗದ ಒಸಡು ದಪ್ಪವಾಗಿ ಹಲ್ಲುಗಳ ಮೇಲೆ ಇಳಿಯತೊಡಗಿತು. ಹುಡುಗಿ ಮಾತನಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ರೂಢಿ ಮಾಡಿಕೊಂಡಳು. ಒಂದು ದಿನ ಪ್ರಾರ್ಥನೆಗೆ ಮುಂದೆ ಬರಲು ಒಲ್ಲೆನೆಂದಳು. ಮಕ್ಕಳ ಸಂಕೋಚ ಎಂದು ನಾವು ಸುಮ್ಮನಾದೆವು.

ಅನಂತರ ಬಲಗಡೆಯ ಕೆಳದವಡೆ ನೋಯತೊಡಗಿತು. ಆಕೆಯ ತಾಯಿ ಶಾಲೆಗೆ ಬಂದು, “ಮೇಡಂ, ಆ ಮಾತ್ರೆ ನುಂಗಿ ನುಂಗೀನೇ ಮಗೂದು ಹಲ್ಲೆಲ್ಲ ಕೆಡ್ತಾ ಐತೆ. ಈಗ ನೋವೂ ಸುರುವಾಗೈತೆ. ಏನ್ ಮಾಡ್ಲಿ?” ಎಂದು ಕಣ್ಣೀರಿಟ್ಟರು. ಆ ಮಾತ್ರೆಯಿಂದ ಒಸಡು ಬೆಳೆಯುತ್ತದೆಂದು ನಾವೂ ಎಲ್ಲಿಯೋ ಓದಿದ್ದೆವು. ಅರ್ಧ ತಿಳಿವಳಿಕೆಯ ಧೈರ್ಯದಿಂದ, “ಒಂದು ವಾರ ನಿಲ್ಲಿಸಿ ನೋಡಮ್ಮ, ನೋವು ಕಡಿಮೆಯಾದರೆ ಮಾತ್ರೆಯದೇ ದೋಷ ಎಂದು ತಿಳಿಯುತ್ತದೆ” ಎಂದುಬಿಟ್ಟೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಅಂದು ಆ ಬರೆಯನ್ನು ಕಾಯಿಸಿಕೊಟ್ಟವರು ನಾವೇ.

ನಾಲ್ಕನೆಯ ದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕೈತೊಳೆಯುವ ನಲ್ಲಿಯ ಬಳಿ ಹುಡುಗಿ ಕುಸಿದುಬಿದ್ದಳು. ಮೂರ್ಛೆ ಬಂದಿತ್ತು. ಪ್ರಜ್ಞೆ ಮರಳುವ ಮೊದಲೇ ಮತ್ತೊಮ್ಮೆ ಬಂತು. ಆಸ್ಪತ್ರೆ ತಲುಪುವವರೆಗಿನ ದಾರಿ ನಮ್ಮ ಬಾಳಿನಲ್ಲೇ ಅತಿ ಉದ್ದದ ದಾರಿಯಾಗಿತ್ತು. ಮಗು ಬದುಕಿತು. ವಿಷಯ ತಿಳಿದ ವೈದ್ಯರು ತಾಯಿಯನ್ನು ಗದರಲಿಲ್ಲ. ನಮ್ಮನ್ನು ಕರೆದು, ಮೂರ್ಛೆಯ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಬಿಡುವಿಲ್ಲದೆ ಮೂರ್ಛೆ ಮರುಕಳಿಸಿ ಪ್ರಾಣಕ್ಕೇ ಎರವಾಗಬಹುದೆಂದು ತಿಳಿಸಿದರು. ತಲೆ ತಗ್ಗಿಸಿ ಕೇಳಿಕೊಂಡೆವು.

ಬಳಿಕ ದಂತವೈದ್ಯರು ಬಾಯಿ ಪರೀಕ್ಷಿಸಿದಾಗ ಅಲ್ಲಿ ಇದ್ದುದು ಎರಡು ಬೇರೆ ಬೇರೆ ತೊಂದರೆಗಳು ಎಂದು ತಿಳಿಯಿತು. ಒಸಡಿನ ಬೆಳವಣಿಗೆ ಮಾತ್ರೆಯಿಂದಲೇ ಆದುದು, ಅದಕ್ಕೆ ನೋವಿರಲಿಲ್ಲ. ನೋವಿನ ಮೂಲ ಹುಳುಕಾದ ಒಂದು ದವಡೆ ಹಲ್ಲು. ಅದಕ್ಕೂ ಮಾತ್ರೆಗೂ ನೇರ ಸಂಬಂಧವಿರಲಿಲ್ಲ. ಮಾತ್ರೆ ನಿಲ್ಲಿಸಿದ್ದರಿಂದ ಹಲ್ಲುನೋವು ಕಡಿಮೆಯಾಗುವಂತೆಯೇ ಇರಲಿಲ್ಲ. ಎರಡೂ ಒಂದೇ ಬಾಯಿಯಲ್ಲಿ ಒಂದೇ ಕಾಲಕ್ಕೆ ಇದ್ದುವು, ಅಷ್ಟೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರಲ್ಲ, ಹಾಗೆ.

ಇದರಲ್ಲಿ ಭಾಷೆಯ ಪಾಲೂ ಸ್ವಲ್ಪ ಇತ್ತು. ಹಿಂದೊಮ್ಮೆ ಪಟ್ಟಣದ ವೈದ್ಯರು ಒಸಡು ಊದಿದೆ ಎಂಬುದನ್ನು ತೆಲುಗಿನಲ್ಲಿ ‘ಚಿಗುಳ್ಳು’ ಎಂಬ ಮಾತು ಬಳಸಿ ಹೇಳಿದ್ದರಂತೆ. ಜೊತೆಗೆ ಹೋಗಿದ್ದ ಅಜ್ಜಿ ಶಿರಾ ಕಡೆಯವರು. ತೆಲುಗು ಅಷ್ಟಕ್ಕಷ್ಟೆ. ಮನೆಗೆ ಬಂದು, “ಹಲ್ಲು ಚಿಗುರ್ತಾ ಐತಂತೆ, ಒಳ್ಳೇದೇ” ಎಂದರಂತೆ! ನಗು ಬರುವ ಸಂಗತಿಯಾದರೂ ಗಡಿಯ ಮನೆಗಳಿಗೆ ಇದು ಹೊಸದಲ್ಲ. ವೈದ್ಯರು ತೆಲುಗಿನಲ್ಲಿ ಹೇಳುತ್ತಾರೆ, ಚೀಟಿ ಇಂಗ್ಲಿಷಿನಲ್ಲಿರುತ್ತದೆ, ನೋವು ಕನ್ನಡದಲ್ಲಿರುತ್ತದೆ. ನಮ್ಮ ‘ಮದ್ದು’ ಎಂಬ ಮಾತೂ ಎರಡು ಮುಖದ್ದು. ರೋಗಕ್ಕೆ ಕೊಡುವುದೂ ಮದ್ದು. ಯಾರೋ ಕೇಡು ಬಯಸಿ ಊಟದಲ್ಲಿ ‘ಹಾಕಿಸಿದ್ದಾರೆ’ ಎಂದು ಜನ ಅಂಜುವುದೂ ಮದ್ದೇ. ಹೀಗಾಗಿ ದೇಹದಲ್ಲಿ ಏನೇ ಕೆಟ್ಟರೂ ಮದ್ದಿನ ಮೇಲೆ ದೂರು ಹೊರಿಸುವುದು ನಮಗೆ ಸುಲಭ.

ಆದುದರಿಂದ ಮೊದಲು ತಿಳಿಯಬೇಕಾದುದು, ಔಷಧಗಳಿಂದ ಬಾಯಿಗೆ ನಿಜವಾಗಿ ಏನೇನು ಆಗಬಹುದು ಎಂಬುದು. ಭಯಪಡಿಸುವುದಕ್ಕಾಗಿ ಅಲ್ಲ, ಗುರುತಿಸುವುದಕ್ಕಾಗಿ ಹೇಳುತ್ತೇವೆ.

ಮೂರ್ಛೆ ರೋಗಕ್ಕೆ ಫೆನಿಟಾಯಿನ್ ಬಳಕೆಗೆ ಬಂದುದು 1938ರಲ್ಲಿ. ಮರುವರ್ಷವೇ, 1939ರಲ್ಲಿ, ಅದರಿಂದ ಒಸಡು ಬೆಳೆಯುವುದನ್ನು ವೈದ್ಯರು ದಾಖಲಿಸಿದರು. ರಕ್ತದೊತ್ತಡಕ್ಕೆ ಕೊಡುವ ನಿಫೆಡಿಪಿನ್, ಆಮ್ಲೋಡಿಪಿನ್ ಮಾತ್ರೆಗಳಿಂದಲೂ, ಮೂತ್ರಪಿಂಡ ಬದಲಾಯಿಸಿಕೊಂಡವರಿಗೆ ಕೊಡುವ ಸೈಕ್ಲೋಸ್ಪೋರಿನ್‌ನಿಂದಲೂ ಕೆಲವರಲ್ಲಿ ಹೀಗಾಗುವುದುಂಟು. ಈ ಬೆಳವಣಿಗೆಗೆ ಕೆಲವು ಲಕ್ಷಣಗಳಿವೆ. ಔಷಧ ಆರಂಭಿಸಿ ಕೆಲವು ತಿಂಗಳಾದ ಮೇಲೆ ಕಾಣಿಸಿಕೊಳ್ಳುತ್ತದೆ. ಮುಂಭಾಗದ ಹಲ್ಲುಗಳ ನಡುವಿನ ಒಸಡಿನಲ್ಲಿ ಹೆಚ್ಚು. ಗಟ್ಟಿಯಾಗಿ, ಗುಲಾಬಿ ಬಣ್ಣದ್ದಾಗಿ ಇರುತ್ತದೆ, ಸಾಮಾನ್ಯವಾಗಿ ನೋಯುವುದಿಲ್ಲ. ಹಲ್ಲುಜ್ಜುವುದನ್ನು ಅಲಕ್ಷಿಸಿ ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿದರೆ ಬೆಳವಣಿಗೆ ಇನ್ನೂ ಹೆಚ್ಚುತ್ತದೆ. ಮಾತ್ರೆಯನ್ನು ಬದಲಾಯಿಸುವುದು ವೈದ್ಯರ ಕೈಯಲ್ಲಿದ್ದರೂ ಬಾಯಿಯನ್ನು ಶುಚಿಯಾಗಿಡುವುದು ನಮ್ಮ ಕೈಯಲ್ಲೇ ಇದೆ ಎಂಬುದನ್ನು ಮರೆಯಬಾರದು.

ಎರಡನೆಯದು ಬಾಯಿ ಒಣಗುವುದು. ನೆಗಡಿ, ಅಲರ್ಜಿಗೆ ಕೊಡುವ ಕೆಲವು ಮಾತ್ರೆಗಳು, ಮನಸ್ಸಿನ ಖಿನ್ನತೆಗೆ ಕೊಡುವ ಅನೇಕ ಮಾತ್ರೆಗಳು, ರಕ್ತದೊತ್ತಡದ ಕೆಲವು ಮಾತ್ರೆಗಳು ಜೊಲ್ಲನ್ನು ಕಡಿಮೆ ಮಾಡುತ್ತವೆ. ಜೊಲ್ಲು ಎಂದರೆ ಹಲ್ಲಿನ ಕಾವಲುಗಾರ. ಕಾವಲು ತಪ್ಪಿದಾಗ ಹಲ್ಲುಗಳು ಬುಡದಲ್ಲಿ ಬೇಗ ಹುಳುಕಾಗುತ್ತವೆ. ಇಲ್ಲಿ ಔಷಧವೂ ಹಲ್ಲಿನ ರೋಗವೂ ಕೈಕೈ ಹಿಡಿದಿರುತ್ತವೆ. ಆಗಾಗ ನೀರು ಗುಟುಕರಿಸುವುದು, ಸಿಹಿ ಕಡಿಮೆ ಮಾಡುವುದು, ವೈದ್ಯರಿಗೆ ತಿಳಿಸುವುದು ಇದಕ್ಕೆ ದಾರಿ.

ಮೂರನೆಯದು ಉಬ್ಬಸಕ್ಕೆ ಎಳೆದುಕೊಳ್ಳುವ ಸ್ಟೆರಾಯ್ಡ್ ಇನ್‌ಹೇಲರ್. ಇದರಿಂದ ನಾಲಿಗೆ, ಗಂಟಲಲ್ಲಿ ಬಿಳಿಯ ಬೂಷ್ಟಿನಂತಹ ತೇಪೆಗಳು ಏಳಬಹುದು. ಪ್ರತಿಸಲ ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಬಹಳ ಮಟ್ಟಿಗೆ ತಪ್ಪುತ್ತದೆ. ಇಷ್ಟಕ್ಕೆ ಹೆದರಿ ಇನ್‌ಹೇಲರ್ ಬಿಡಿಸಿದರೆ ಮಗುವಿನ ಉಸಿರಿಗೇ ಸಂಚಕಾರ.

ಇನ್ನು ಕೆಲವು ಹಾಗೆ ಬಂದು ಹೀಗೆ ಹೋಗುವಂಥವು. ಮೆಟ್ರೊನಿಡಜೋಲ್ ನುಂಗುವಾಗ ಬಾಯಿಯಲ್ಲಿ ಲೋಹದ ರುಚಿ ಬರುತ್ತದೆ; ಮಾತ್ರೆ ಮುಗಿದ ಮೇಲೆ ಹೋಗುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮೂತ್ರ, ಬೆವರು, ಜೊಲ್ಲುಗಳನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸಬಹುದು. ಅದು ರಕ್ತವಲ್ಲ, ಹೆದರಿ ಕ್ಷಯದ ಚಿಕಿತ್ಸೆಯನ್ನು ನಡುವೆ ಬಿಡಬಾರದು. ಮಕ್ಕಳ ಸಿಹಿ ಸಿರಪ್ಪಿನ ಮಾತೇ ಬೇರೆ. ರಾತ್ರಿ ಮಲಗುವಾಗ ಕುಡಿಸಿ ಹಾಗೆಯೇ ಮಲಗಿಸಿದರೆ ಅದರೊಳಗಿನ ಸಕ್ಕರೆ ಇರುಳೆಲ್ಲ ಹಲ್ಲಿಗೆ ಅಂಟಿಕೊಂಡಿರುತ್ತದೆ. ಅಲ್ಲಿ ಕೆಡಿಸುವುದು ಮದ್ದಲ್ಲ, ಮದ್ದಿನ ಜೊತೆಗಿರುವ ಸಕ್ಕರೆ. ಕುಡಿಸಿದ ಬಳಿಕ ಹಲ್ಲುಜ್ಜಿಸಿ ಅಥವಾ ನೀರು ಮುಕ್ಕಳಿಸಿ ಮಲಗಿಸಿದರಾಯಿತು.

ಈಗ ನಮ್ಮ ಸೀಮೆಗೆ ವಿಶೇಷವಾದ ಒಂದು ವಿಷಯಕ್ಕೆ ಬರೋಣ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಗಳಿಂದ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತಿದೆ ಎಂಬ ಸುದ್ದಿ ಒಂದು ವರ್ಷ ಹಬ್ಬಿತು. ಕೆಲವು ಪೋಷಕರು ಬಂದು ಮಾತ್ರೆ ಕೊಡಬೇಡಿ ಎಂದರು. ಕೆಲವು ಮಕ್ಕಳು ನುಂಗಿದಂತೆ ಮಾಡಿ ಕಾಂಪೌಂಡಿನ ಆಚೆ ಎಸೆಯುತ್ತಿದ್ದರು. ಮೊದಲ ತಪ್ಪಿನಿಂದ ಪಾಠ ಕಲಿತಿದ್ದ ನಾವು ಈ ಬಾರಿ ಅವಸರದಿಂದ ತೀರ್ಪು ಕೊಡಲಿಲ್ಲ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಲ್ಲು ನೋಡಿದೆವು, ಮನೆಯವರನ್ನೂ ಕೇಳಿದೆವು.

ಕಂದು ಕಲೆಗಳಿದ್ದ ಮಕ್ಕಳಲ್ಲಿ ಬಹುತೇಕರು ಹಳೆಯ ಕೊಳವೆ ಬಾವಿಯ ನೀರು ಕುಡಿದು ಬೆಳೆದ ಬೀದಿಗಳವರು. ಅವರ ತಂದೆತಾಯಿಯರ ಹಲ್ಲುಗಳಲ್ಲೂ ಅದೇ ಕಲೆ. ಅವರ ಕಾಲದಲ್ಲಿ ಈ ನೀಲಿ ಮಾತ್ರೆಯೇ ಇರಲಿಲ್ಲ. ಬೇರೆ ಊರಿನಿಂದ ಹತ್ತನೆಯ ವಯಸ್ಸಿನಲ್ಲಿ ಬಂದು ಸೇರಿದ್ದ ಮಕ್ಕಳು ಅದೇ ಮಾತ್ರೆಯನ್ನು ನುಂಗುತ್ತಿದ್ದರೂ ಅವರ ಹಲ್ಲು ಬೆಳ್ಳಗಿತ್ತು. ಹಾಗಾದರೆ ದೋಷ ಮಾತ್ರೆಯದಲ್ಲ, ನೀರಿನದು. ಇದನ್ನೇ ಫ್ಲೋರೋಸಿಸ್ ಎನ್ನುತ್ತಾರೆ. ಭಾರತದಲ್ಲಿ ಇದನ್ನು ವೈದ್ಯರು ಮೊದಲು ವರದಿ ಮಾಡಿದುದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಅನಂತಪುರ ಸೀಮೆಯ ಅಂತರ್ಜಲದಲ್ಲೂ ಫ್ಲೋರೈಡ್ ಹೆಚ್ಚೆಂಬುದು ಬಹುಕಾಲದಿಂದ ತಿಳಿದಿರುವ ಸಂಗತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನದಂಡ.

ಇಲ್ಲಿ ಹಲ್ಲು ರೂಪುಗೊಳ್ಳುವ ಬಗೆಯನ್ನು ತಿಳಿದರೆ ಅನುಮಾನ ತಾನಾಗಿ ಕರಗುತ್ತದೆ. ಶಾಶ್ವತ ಹಲ್ಲಿನ ಹೊರಕವಚ ಹಲ್ಲು ಮೂಡುವ ಮೊದಲೇ ದವಡೆಯೊಳಗೆ ಸಿದ್ಧವಾಗುತ್ತದೆ. ಬುದ್ಧಿಹಲ್ಲನ್ನು ಬಿಟ್ಟರೆ ಉಳಿದೆಲ್ಲ ಹಲ್ಲುಗಳ ಕವಚ ಸುಮಾರು ಎಂಟನೆಯ ವಯಸ್ಸಿನೊಳಗೆ ಮುಗಿದಿರುತ್ತದೆ. ಆ ಅವಧಿಯಲ್ಲಿ ಕುಡಿದ ನೀರಿನ ಗುರುತು ಹಲ್ಲಿನೊಳಗೆ ಉಳಿಯುತ್ತದೆ. ಹನ್ನೆರಡನೆಯ ವಯಸ್ಸಿನಲ್ಲಿ ನುಂಗಿದ ಮಾತ್ರೆ ಸಿದ್ಧವಾಗಿಹೋದ ಕವಚದ ಒಳಬಣ್ಣವನ್ನು ಬದಲಿಸಲಾರದು. ಕಬ್ಬಿಣಾಂಶದ ದ್ರವ ಔಷಧ ಮಾತ್ರ ಹಲ್ಲಿನ ಮೇಲ್ಮೈಯಲ್ಲಿ ಕಪ್ಪು ಕಲೆ ಮಾಡಬಹುದು. ಅದನ್ನು ದಂತವೈದ್ಯರು ಉಜ್ಜಿ ತೆಗೆಯಬಲ್ಲರು. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುವುದು, ಕೆಲವರಿಗೆ ಹೊಟ್ಟೆ ತೊಳಸುವುದು ನಿಜ. ಹಲ್ಲಿನ ಕಂದು ಬಣ್ಣ ಅದರ ಕೆಲಸವಲ್ಲ.

ಔಷಧದಿಂದಲೇ ಹಲ್ಲಿನ ಬಣ್ಣ ಕೆಡುವುದಿಲ್ಲವೆ? ಕೆಡುವುದುಂಟು. ಟೆಟ್ರಾಸೈಕ್ಲಿನ್ ಎಂಬ ಔಷಧವನ್ನು ಗರ್ಭಿಣಿಗೋ ಎಂಟು ವರ್ಷದೊಳಗಿನ ಮಗುವಿಗೋ ಕೊಟ್ಟರೆ ಹಲ್ಲಿನೊಳಗೆ ಹಳದಿ ಅಥವಾ ಬೂದುಗಂದು ಪಟ್ಟೆಗಳು ಉಳಿಯುತ್ತವೆ. ಆದುದರಿಂದಲೇ ಆ ವಯಸ್ಸಿನವರಿಗೆ ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಫ್ಲೋರೋಸಿಸ್ಸಿನಲ್ಲಾದರೋ ಮೊದಲು ಸುಣ್ಣದಂತಹ ಬಿಳಿ ಗೆರೆ, ಮಚ್ಚೆಗಳು, ಹೆಚ್ಚಾದರೆ ಕಂದು ಕಲೆಗಳು. ಎಡಬಲಗಳಲ್ಲಿ ಒಂದೇ ರೀತಿ. ಬೀದಿಗೆ ಬೀದಿಯೇ ಅದೇ ಬಗೆ. ಹುಳುಕಾದರೆ ಒಂದೋ ಎರಡೋ ಹಲ್ಲಿನಲ್ಲಿ, ಅಗಿಯುವ ಜಾಗದ ಕುಳಿಯಲ್ಲಿ ಅಥವಾ ಹಲ್ಲುಗಳ ಸಂದಿಯಲ್ಲಿ. ಒಂದು ಮಾತು ನೆನಪಿರಲಿ: ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಚಿಕ್ಕ ಮಕ್ಕಳಿರುವ ಮನೆಯವರು ಶುದ್ಧೀಕರಿಸಿದ ನೀರನ್ನೋ ಸಂಗ್ರಹಿಸಿದ ಮಳೆನೀರನ್ನೋ ಕುಡಿಯಲು ಬಳಸುವುದು ಒಳಿತು.

ಔಷಧಕ್ಕೆ ಸಂಬಂಧವಿಲ್ಲದ ಹಲ್ಲಿನ ರೋಗದ ಬಗೆಗೂ ಎರಡು ಮಾತು. ‘ಹುಳುಕು’ ಎಂಬ ಮಾತಿನಿಂದಲೋ ಏನೋ, ಹಲ್ಲಿನಲ್ಲಿ ಹುಳುವಿದೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಹೊಗೆ ಹಾಕಿ ಹುಳು ಬೀಳಿಸುತ್ತೇವೆ ಎನ್ನುವವರೂ ಇದ್ದಾರೆ. ಹಲ್ಲಿನಲ್ಲಿ ಹುಳುವಿಲ್ಲ. ಬಾಯಿಯಲ್ಲಿರುವ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. ಮೊದಲು ತಣ್ಣೀರು, ಸಿಹಿ ತಾಗಿದಾಗ ಜುಮ್ಮೆನ್ನುತ್ತದೆ. ಮುಂದೆ ಇರುಳಿನಲ್ಲಿ ಮಿಡಿಯುವ ನೋವು, ಕೊನೆಗೆ ಕೀವು, ಕೆನ್ನೆಯ ಬಾವು. ಆರನೆಯ ವಯಸ್ಸಿನ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಒಂದು ದವಡೆ ಹಲ್ಲು ಮೂಡುತ್ತದೆ. ಯಾವ ಹಲ್ಲೂ ಬೀಳದೆ ಮೂಡುವುದರಿಂದ ಪೋಷಕರು ಅದನ್ನೂ ಹಾಲುಹಲ್ಲೆಂದು ತಿಳಿದು, ಕೆಟ್ಟರೆ ಬಿದ್ದುಹೋಗುತ್ತದೆ ಬಿಡಿ ಎನ್ನುತ್ತಾರೆ. ಅದು ಬಾಳಿನುದ್ದಕ್ಕೂ ಇರಬೇಕಾದ ಹಲ್ಲು. ನಮ್ಮ ವಿದ್ಯಾರ್ಥಿನಿಯಲ್ಲಿ ಹುಳುಕಾಗಿದ್ದುದು ಆ ಹಲ್ಲೇ.

ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ನೆನೆದು ನಗುತ್ತಿರುವ ಹಿರಿಯ ವಿದ್ಯಾರ್ಥಿಗಳಿಗೂ ಒಂದಿಷ್ಟು ಹೇಳಬೇಕು. ಹೃದಯದ ತೊಂದರೆಗಾಗಿ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರಿಗೆ ಒಸಡಿನಲ್ಲಿ ರಕ್ತ ಬೇಗ ಜಿನುಗಬಹುದು. ಆದರೆ ಮಾತ್ರೆ ಇಲ್ಲದವರಿಗೂ ಒಸಡಿನ ರೋಗದಿಂದ ರಕ್ತ ಬರುತ್ತದೆ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರಲ್ಲಿ ಒಸಡಿನ ರೋಗ ಇನ್ನೂ ಹೆಚ್ಚು. ಹಲ್ಲು ಕೀಳಿಸಲು ಹೋಗುವ ಮೊದಲು ಆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಹೃದಯದ ವೈದ್ಯರನ್ನೂ ದಂತವೈದ್ಯರನ್ನೂ ಕೇಳಿ. ಮೂಳೆ ಸವೆತಕ್ಕೋ ಕ್ಯಾನ್ಸರಿಗೋ ಮೂಳೆ ಬಲಪಡಿಸುವ ಚುಚ್ಚುಮದ್ದು ತೆಗೆದುಕೊಳ್ಳುತ್ತಿರುವವರು ಹಲ್ಲು ಕೀಳಿಸುವ ಮೊದಲು ಅದನ್ನು ತಪ್ಪದೆ ತಿಳಿಸಬೇಕು. ವಿರಳವಾಗಿಯಾದರೂ ದವಡೆಯ ಗಾಯ ಮಾಯದೆ ಉಳಿಯುವ ಅಪಾಯವಿದೆ. ಮತ್ತೊಂದು ಮುಖ್ಯ ಮಾತು: ನಡೆದಾಗ, ಮೆಟ್ಟಿಲು ಹತ್ತಿದಾಗ ದವಡೆ ನೋಯುವುದು, ಜೊತೆಗೆ ಎದೆ ಬಿಗಿಯುವುದು, ಬೆವರುವುದು ಹಲ್ಲಿನದೂ ಅಲ್ಲ, ಮದ್ದಿನದೂ ಅಲ್ಲ, ಹೃದಯದ ಕರೆಯಾಗಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನೆಗಡಿ ಕಟ್ಟಿದಾಗ ಮೇಲಿನ ದವಡೆಯ ಹಲ್ಲುಗಳೆಲ್ಲ ಒಟ್ಟಿಗೆ ನೋಯುವುದೂ ಉಂಟು. ಅದು ಮೂಗಿನ ಪಕ್ಕದ ಕುಹರಗಳ ಬಾವಿನಿಂದ.

ಇಷ್ಟನ್ನೂ ನೆನಪಿಡುವುದು ಕಷ್ಟ. ನಮ್ಮ ಶಿಕ್ಷಕರು ಕೂಡಿ ಇದನ್ನು ನಾಲ್ಕು ಪ್ರಶ್ನೆಗಳಿಗೆ ಇಳಿಸಿದ್ದೇವೆ.

ಮೊದಲನೆಯದು, ಎಂದಿನಿಂದ? ಔಷಧ ಆರಂಭಿಸಿದ ದಿನ ಯಾವುದು, ತೊಂದರೆ ಕಂಡ ದಿನ ಯಾವುದು? ಔಷಧಕ್ಕಿಂತ ಮೊದಲೇ ತೊಂದರೆ ಇದ್ದರೆ ಅದನ್ನು ಔಷಧದ ತಲೆಗೆ ಕಟ್ಟಲಾಗದು.

ಎರಡನೆಯದು, ಎಲ್ಲಿ? ಒಂದೇ ಹಲ್ಲಿನಲ್ಲಿಯೋ, ಬಾಯಿ ತುಂಬವೋ? ಔಷಧ ರಕ್ತದ ಮೂಲಕ ಎಲ್ಲೆಡೆ ಹರಿಯುವುದರಿಂದ ಅದರ ಪರಿಣಾಮ ಸಾಮಾನ್ಯವಾಗಿ ಹರಡಿಕೊಂಡಿರುತ್ತದೆ. ಬೆರಳಿಟ್ಟು ತೋರಿಸಬಹುದಾದ ಒಂದೇ ಹಲ್ಲಿನ ನೋವು ಹೆಚ್ಚಾಗಿ ಆ ಹಲ್ಲಿನದೇ.

ಮೂರನೆಯದು, ಹೇಗೆ? ತಣ್ಣೀರು, ಸಿಹಿ ತಾಗಿದಾಗ ಜುಮ್ಮೆನ್ನುವುದು, ಕಚ್ಚಿದಾಗ ನೋಯುವುದು, ರಾತ್ರಿ ಮಿಡಿಯುವುದು ಹಲ್ಲಿನ ಲಕ್ಷಣ. ಒಣಗುವುದು, ರುಚಿ ಕೆಡುವುದು, ನೋವಿಲ್ಲದೆ ಒಸಡು ಬೆಳೆಯುವುದು ಔಷಧದ ಕಡೆ ಬೊಟ್ಟು ಮಾಡುತ್ತವೆ.

ನಾಲ್ಕನೆಯದು, ಇನ್ನಾರಿಗೆ? ಆ ಔಷಧ ಮುಟ್ಟದವರಿಗೂ ಮನೆಯಲ್ಲಿ, ಬೀದಿಯಲ್ಲಿ ಅದೇ ತೊಂದರೆಯಿದ್ದರೆ ಕಾರಣವನ್ನು ನೀರಿನಲ್ಲೋ ಆಹಾರದಲ್ಲೋ ರೂಢಿಯಲ್ಲೋ ಹುಡುಕಬೇಕು.

ಈ ಉತ್ತರಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಳ್ಳಿ, ಮಾತ್ರೆಯ ಪಟ್ಟಿಯನ್ನು ಜೊತೆಗೆ ಒಯ್ಯಿರಿ. ಭಾಷೆಯ ತೊಡಕಿದ್ದರೆ ಶಾಲೆಗೆ ತನ್ನಿ, ತೆಲುಗಿನಲ್ಲಿ ಬರೆದುಕೊಡುತ್ತೇವೆ. ಈ ಪ್ರಶ್ನೆಗಳು ವೈದ್ಯರಿಗೆ ಸರಿಯಾಗಿ ಹೇಳುವುದಕ್ಕೆ ಮಾತ್ರ. ತೀರ್ಮಾನ ಅವರದು. ಎರಡೂ ಕಾರಣಗಳು ಒಟ್ಟಿಗೇ ಇರಬಹುದು ಎಂಬುದನ್ನು ನಮ್ಮ ಅನುಭವವೇ ತೋರಿಸಿದೆ.

ನಾಲ್ಕು ಪ್ರಶ್ನೆಗಳ ಮೇಲೆ ಒಂದು ನಿಯಮ: ವೈದ್ಯರು ಬರೆದುಕೊಟ್ಟ ನಿತ್ಯದ ಔಷಧವನ್ನು ಕೇಳದೆ ನಿಲ್ಲಿಸಬಾರದು. ಆದರೆ ಕಾಯದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳೂ ಇವೆ. ಔಷಧ ನುಂಗಿದ ಸ್ವಲ್ಪ ಹೊತ್ತಿನಲ್ಲೇ ತುಟಿ, ನಾಲಿಗೆ ಊದಿ ಉಸಿರು ಕಟ್ಟಿದರೆ. ಹೊಸ ಔಷಧ ಆರಂಭಿಸಿದ ಮೊದಲ ಕೆಲವು ವಾರಗಳಲ್ಲಿ ಜ್ವರದೊಡನೆ ಮೈಮೇಲೆ ಗುಳ್ಳೆ ಎದ್ದು ಬಾಯಿ, ಕಣ್ಣುಗಳಲ್ಲಿ ಹುಣ್ಣಾದರೆ. ಹಲ್ಲಿನ ಬಾವು ಕುತ್ತಿಗೆಗೆ ಇಳಿದು ಬಾಯಿ ತೆರೆಯಲು, ನುಂಗಲು ಆಗದಿದ್ದರೆ. ಆಗ ಮುಂದಿನ ಮಾತ್ರೆ ನುಂಗದೆ, ಮಾತ್ರೆಯ ಪಟ್ಟಿಯೊಡನೆ ಕೂಡಲೇ ಹೊರಡಬೇಕು. 108ಕ್ಕೆ ಕರೆ ಮಾಡಬೇಕು.

ಹಲ್ಲುನೋವಿಗೆ ಮಾತ್ರೆಯನ್ನು ಪುಡಿಮಾಡಿ ಒಸಡಿನ ಮೇಲೆ ಇಡುವ ರೂಢಿ ಕೆಲವು ಮನೆಗಳಲ್ಲಿದೆ. ಅದರಿಂದ ಒಸಡು ಸುಟ್ಟು ಬೆಳ್ಳಗಾಗುತ್ತದೆ. ಮಾತ್ರೆ ಇರುವುದು ನುಂಗುವುದಕ್ಕೆ. ಮೂರ್ಛೆ ಬಂದವರ ಬಾಯಿಗೆ ಚಮಚ ತುರುಕುವುದು, ಕೈಗೆ ಬೀಗದ ಕೈ ಕೊಡುವುದು ಕೂಡ ಬೇಡ. ಚಮಚದಿಂದ ಹಲ್ಲು ಮುರಿಯುತ್ತದೆ, ಮೂರ್ಛೆ ನಿಲ್ಲುವುದಿಲ್ಲ. ಪಕ್ಕಕ್ಕೆ ಮಲಗಿಸಿ, ತಲೆಗೆ ಪೆಟ್ಟಾಗದಂತೆ ನೋಡಿಕೊಂಡು, ಹೊತ್ತು ಗಮನಿಸಿ; ಐದು ನಿಮಿಷ ಮೀರಿದರೆ ಅಥವಾ ಮರುಕಳಿಸಿದರೆ ಆಸ್ಪತ್ರೆಗೆ ಸಾಗಿಸಿ.

ಆ ವಿದ್ಯಾರ್ಥಿನಿಯ ಮುಂದಿನ ಕಥೆ ಕೇಳಲು ನೀವು ಕಾದಿರುವಿರಿ. ಹುಳುಕು ಹಲ್ಲಿಗೆ ಬೇರಿನ ಚಿಕಿತ್ಸೆ ಮಾಡಿ ಉಳಿಸಿದರು. ವೈದ್ಯರು ಹಲವು ವಾರಗಳ ಅವಧಿಯಲ್ಲಿ ಹಳೆಯ ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ತಗ್ಗಿಸುತ್ತ, ಬೇರೊಂದನ್ನು ಏರಿಸುತ್ತ ಬದಲಾಯಿಸಿದರು. ದಂತವೈದ್ಯರು ಹಲ್ಲಿನ ಕಿಟ್ಟ ತೆಗೆದು ಉಜ್ಜುವ ಕ್ರಮ ಕಲಿಸಿದರು. ಒಸಡು ತಿಂಗಳುಗಳಲ್ಲಿ ಇಳಿಯಿತು. ಉಳಿದಷ್ಟನ್ನು ಸಣ್ಣ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಿದರು. ಹತ್ತನೆಯ ತರಗತಿಯಲ್ಲಿದ್ದಾಗ ಅವಳು ಮತ್ತೆ ಪ್ರಾರ್ಥನೆಗೆ ಮುಂದೆ ಬಂದು ನಿಂತಳು. ಮೊದಲ ಕೆಲವು ದಿನ ರೂಢಿಬಲದಿಂದ ಕೈ ಬಾಯಿಯ ಕಡೆ ಏಳುತ್ತಿತ್ತು. ಆಮೇಲೆ ಏಳಲಿಲ್ಲ.

ಅವಳ ತಾಯಿ ನಮ್ಮನ್ನು ಒಮ್ಮೆಯೂ ದೂರಲಿಲ್ಲ. ನಾವು ಕ್ಷಮೆ ಕೇಳಿದಾಗ, “ನೀವೂ ನಮ್ಮ ಮಗೂಗೆ ಒಳ್ಳೇದಾಗ್ಲಿ ಅಂತಾನೇ ಹೇಳಿದ್ರಲ್ಲ ಮೇಡಂ” ಎಂದರು. ಆ ಮಾತು ನಮ್ಮನ್ನು ಹಗುರಗೊಳಿಸಲಿಲ್ಲ. ಈ ಊರುಗಳಲ್ಲಿ ಶಿಕ್ಷಕರ ಮಾತನ್ನು ಜನ ನಂಬುತ್ತಾರೆ. ನೂರು ವರ್ಷಗಳ ಕಾಲ ನಮಗಿಂತ ಹಿರಿಯರು ಗಳಿಸಿಟ್ಟ ನಂಬಿಕೆ ಅದು. ಅದನ್ನು ಬಳಸಿಕೊಂಡು ತಿಳಿಯದ ವಿಷಯದಲ್ಲಿ ತೀರ್ಪು ಕೊಡಬಾರದು ಎಂಬುದನ್ನು ನಾವು ಆ ನಲ್ಲಿಯ ಬಳಿ ಕಲಿತೆವು. ಅಂದಿನಿಂದ ನಮ್ಮ ಕಚೇರಿಯಲ್ಲಿ ಒಂದು ದಾಖಲೆ ಪುಸ್ತಕವಿದೆ. ಯಾವ ಮಗು ಯಾವ ಔಷಧ ನುಂಗುತ್ತಿದೆ, ಎಂದಿನಿಂದ, ಮನೆಯವರ ದೂರವಾಣಿ ಯಾವುದು ಎಂಬುದನ್ನು ಅದರಲ್ಲಿ ಬರೆದಿಡುತ್ತೇವೆ. ಅದನ್ನು ಬೇರೆಯವರಿಗೆ ತೋರಿಸುವುದಿಲ್ಲ. ಇನ್ನೂ ತಿಳಿಸದಿರುವ ಪೋಷಕರು ಸಂಕೋಚಪಡದೆ ತಿಳಿಸಬೇಕೆಂದು ಕೋರುತ್ತೇವೆ.

ನಮ್ಮ ಮಕ್ಕಳು ಬಾಯಿ ಮುಚ್ಚಿಕೊಳ್ಳದೆ ನಗಲಿ, ಬಾಯಿ ತುಂಬ ಕನ್ನಡ ಓದಲಿ.